ಮೇಲೇಳದ ಬಲಗೈ

ಸೋದರಿಯರೇ, ಈ ಪತ್ರಿಕೆಯನ್ನು ಒಂದು ಗಳಿಗೆ ತೊಡೆಯ ಮೇಲಿಟ್ಟು ಎರಡೂ ಕೈಗಳನ್ನು ಮೇಲಕ್ಕೆತ್ತಿ ನೋಡಿರಿ. ತೋಳು ಕಿವಿಗೆ ತಾಗಿತೇ? ಈಗ ಬಲಗೈಯನ್ನು ಬೆನ್ನ ಹಿಂದೆ ಒಯ್ದು ಒಳರವಿಕೆಯ ಹುಕ್ಕನ್ನು ಮುಟ್ಟಿರಿ. ಸಿಕ್ಕಿತೇ? ಸಿಕ್ಕಿದ್ದರೆ ನೀವು ಪುಣ್ಯವಂತರು. ನನಗೆ ಹತ್ತು ತಿಂಗಳು ತೋಳು ಕಿವಿಯ ತನಕ ಹೋಗಲಿಲ್ಲ, ಹುಕ್ಕಂತೂ ದೂರದ ಮಾತು.

ಶುರುವಾದದ್ದು ನಾಗರ ಪಂಚಮಿಯ ಹೊತ್ತಿಗೆ. ಉಂಡಿ ಕಟ್ಟುವ ಸಂಭ್ರಮದಲ್ಲಿ ಬಲ ಭುಜ ಚುಳುಕ್ ಎಂದಿತು. ಹಬ್ಬದ ದಣಿವು ಎಂದುಕೊಂಡೆ. ನಮ್ಮ ಯರಗಟ್ಟಿಯ ಕಡೆ ಹೆಂಗಸು ಭುಜ ನೋಯುತ್ತದೆಂದು ಕೂತರೆ ಮನೆ ನಡೆದೀತೇ? ಏಳು ಜನರ ಸಂಸಾರ, ದಿನಕ್ಕೆ ಇಪ್ಪತ್ತೈದು ಜೋಳದ ರೊಟ್ಟಿಯಾದರೂ ಬೇಕು. ಮೊದಲು ರೊಟ್ಟಿ ಬಡಿಯುವಾಗ ಮಾತ್ರ ಇದ್ದ ನೋವು ಬರಬರುತ್ತ ರಾತ್ರಿಯ ನಿದ್ದೆಗೂ ಬಂತು. ಬಲಮಗ್ಗುಲಾಗಿ ಮಲಗುವಂತಿಲ್ಲ. ಎಡಮಗ್ಗುಲಾದರೆ ಬಲಗೈ ಎದೆಯ ಮೇಲೆ ಜೋತು ಬಿದ್ದು ಎಳೆಯುತ್ತದೆ. ಕೊನೆಗೆ ಒಂದು ಮಡಿಸಿದ ಕೌದಿಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಾತ ಮಲಗುವುದನ್ನು ಕಲಿತೆ.

ನೋವನ್ನು ಮುಚ್ಚಿಡುವುದರಲ್ಲಿ ನಾವು ಹೆಂಗಸರು ಎಷ್ಟು ಜಾಣೆಯರು ನೋಡಿ! ಮೇಲಿನ ಫಳಿಯ ಮೇಲಿದ್ದ ಶೇಂಗಾದ ಡಬ್ಬಿ, ಗುರೆಳ್ಳಿನ ಡಬ್ಬಿ ಒಂದೊಂದಾಗಿ ಕೆಳಗಿಳಿದವು. ಜಡೆ ಹೋಗಿ ತುರುಬು ಬಂತು, ತುರುಬನ್ನೂ ಎಡಗೈಯಲ್ಲೇ ಸುತ್ತಿಕೊಂಡೆ. ಅತ್ತೆಯವರು ಮಾತ್ರ ಒಂದು ದಿನ ರೊಟ್ಟಿ ಬುಟ್ಟಿಯನ್ನು ನೋಡಿ, "ಯಾಕವ್ವಾ, ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವು ಆಗಾಕತ್ತಾವು?" ಅಂದರು. ನಾನು ಹಿಟ್ಟಿನ ಮೇಲೆ ತಪ್ಪು ಹೊರಿಸಿದೆ!

ಮೊದಲು ತೋರಿಸಿದ ಕಡೆ ಎರಡು ತಿಂಗಳು ನೋವಿನ ಗುಳಿಗೆ ಕೊಟ್ಟರು. ನುಂಗಿದಾಗ ನಾಲ್ಕು ತಾಸು ಆರಾಮ, ಆಮೇಲೆ ಯಥಾಪ್ರಕಾರ. ದೀಪಾವಳಿಯ ಮುಂದೆ ಯಾರೋ ಹೇಳಿದರೆಂದು ಒಂದು ಹಳ್ಳಿಗೆ ಹೋಗಿ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬಂದೆ. ಆ ಮನುಷ್ಯ ಒಳ್ಳೆಯವನೇ, ರೊಕ್ಕವನ್ನೂ ಹೆಚ್ಚು ಕೇಳಲಿಲ್ಲ. ಆದರೆ "ಗಂಟು ಬಿಡಿಸತೀನಿ" ಎಂದು ನನ್ನ ಕೈಯನ್ನು ಹಿಡಿದು ಒಮ್ಮೆಲೇ ಮೇಲಕ್ಕೆ ಎಳೆದ. ಕಣ್ಣಿಗೆ ಕತ್ತಲೆ ಬಂತು. ಅಂದಿನಿಂದ ಎದೆಯ ಮಟ್ಟಕ್ಕೆ ಏಳುತ್ತಿದ್ದ ಕೈ ಅಲ್ಲಿಗೂ ಏಳದಾಯಿತು.

ಎಳ್ಳ ಅಮಾವಾಸ್ಯೆಯ ದಿನ ಗುಟ್ಟು ಹೊರಬಿತ್ತು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲುವಾಗ ನನ್ನ ಕೈ ಸೊಂಟದಿಂದ ಮೇಲೇಳಲಿಲ್ಲ. ಮುಷ್ಟಿಯಲ್ಲಿದ್ದ ಅನ್ನವೆಲ್ಲ ನನ್ನ ಕಾಲ ಬುಡದಲ್ಲೇ ಬಿತ್ತು. ಹುಡುಗರು ನಕ್ಕರು. ನಗದೇ ಇದ್ದವಳು ನನ್ನ ತಂಗಿಯ ಮಗಳೊಬ್ಬಳೇ. ಅವಳು ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದುತ್ತಾಳೆ. "ದೊಡ್ಡವ್ವ, ನಿನ್ನ ಕೈ ಎಲ್ಲಿ ತನಕ ಏಳತೈತಿ, ತೋರಸು," ಎಂದು ಬದುವಿನ ಮೇಲೆ ಕೂರಿಸಿಯೇ ಪರೀಕ್ಷೆ ಮಾಡಿದಳು. ನಾನು ಎತ್ತಿದರೂ ಏಳಲಿಲ್ಲ, ಅವಳು ಮೆಲ್ಲಗೆ ಎತ್ತಿದರೂ ಏಳಲಿಲ್ಲ. "ಇದು ಬರೇ ನೋವಲ್ಲ, ಭುಜ ಹೆಪ್ಪುಗಟ್ಟೇತಿ" ಅಂದಳು.

ಹೆಪ್ಪುಗಟ್ಟಿದ ಭುಜ! ಇಂಗ್ಲಿಷಿನಲ್ಲಿ ಇದಕ್ಕೆ 'ಫ್ರೋಜನ್ ಶೋಲ್ಡರ್' ಎಂದೇ ಹೆಸರು. ಅಮೆರಿಕದ ಬಾಸ್ಟನ್ನಿನಲ್ಲಿದ್ದ ಕಾಡ್‌ಮನ್ ಎಂಬ ಶಸ್ತ್ರವೈದ್ಯ 1934ರಲ್ಲಿ ಭುಜದ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಈ ಹೆಸರಿಟ್ಟನಂತೆ. ಭುಜದ ಕೀಲು ಒಂದು ಗುಂಡು, ಒಂದು ಬಟ್ಟಲು ಇದ್ದ ಹಾಗೆ. ಅವೆರಡನ್ನೂ ಸುತ್ತಿಕೊಂಡು ಒಂದು ಸಡಿಲವಾದ ಪೊರೆಯ ಚೀಲವಿರುತ್ತದೆ. ಸಡಿಲವಿರುವುದರಿಂದಲೇ ನಾವು ಕೈಯನ್ನು ಎತ್ತ ಬೇಕಾದರತ್ತ ತಿರುಗಿಸುತ್ತೇವೆ. ಈ ರೋಗದಲ್ಲಿ ಆ ಚೀಲ ಊದಿ, ದಪ್ಪವಾಗಿ, ಕುಗ್ಗಿಬಿಡುತ್ತದೆ. ಮಳೆಯಲ್ಲಿ ತೋಯ್ದು ಬಿಸಿಲಲ್ಲಿ ಒಣಗಿದ ಚರ್ಮದ ಚಪ್ಪಲಿಯನ್ನು ನೆನಪು ಮಾಡಿಕೊಳ್ಳಿರಿ. ಅದರೊಳಗೆ ಕಾಲು ತುರುಕಿದರೆ ಹೇಗೋ ಹಾಗೆ. ಮೊದಲ ಕೆಲವು ತಿಂಗಳು ನೋವು, ಆಮೇಲೆ ನೋವು ಇಳಿದು ಬಿಗಿತ, ಕಡೆಗೆ ನಿಧಾನವಾಗಿ ಸಡಿಲ. ಇಷ್ಟಕ್ಕೆಲ್ಲ ಒಂದರಿಂದ ಮೂರು ವರ್ಷ ಹಿಡಿಯಬಹುದು. ನಲವತ್ತರಿಂದ ಅರವತ್ತರೊಳಗಿನವರಿಗೇ ಹೆಚ್ಚು, ಅದರಲ್ಲೂ ಹೆಂಗಸರಿಗೆ.

ರೊಟ್ಟಿ ಬಡಿದೂ ಬಡಿದೂ ಹೀಗಾಯಿತು ಎಂದು ನಮ್ಮ ಓಣಿಯವರೆಲ್ಲ ತೀರ್ಮಾನಿಸಿದ್ದರು. ನನಗೂ ಹಾಗೇ ಅನಿಸಿತ್ತು. ಆದರೆ ಬಹಳ ಜನರಿಗೆ ಇದು ಕಾರಣವೇ ಇಲ್ಲದೆ ಬರುತ್ತದಂತೆ. ಗಟ್ಟಿಯಾಗಿ ಗೊತ್ತಿರುವ ನಂಟು ಸಕ್ಕರೆ ಕಾಯಿಲೆಯದು. ಸಾಮಾನ್ಯರಲ್ಲಿ ನೂರಕ್ಕೆ ಎರಡರಿಂದ ಐದು ಜನರಿಗೆ ಬಂದರೆ, ಸಕ್ಕರೆ ಕಾಯಿಲೆಯವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಿಗೆ ಬರುತ್ತದೆ. ಹೀಗಾಗಿ ಬೆಳಗಾವಿಯಲ್ಲಿ ಭುಜ ನೋಡುವ ಮೊದಲು ನನ್ನ ರಕ್ತ ನೋಡಿದರು. ಸಕ್ಕರೆ ಇತ್ತು! ಯಾವಾಗಿನಿಂದಲೋ ಏನೋ. ಮನೆಗೆ ಬಂದು ಅತ್ತೆಯವರಿಗೆ ಭುಜದ ಸುದ್ದಿ ಹೇಳಿದೆ, ಸಕ್ಕರೆಯ ಸುದ್ದಿ ಹೇಳಲು ಮೂರು ದಿನ ಹಿಡಿಯಿತು. ನಾನು ಅತ್ತದ್ದು ಆ ದಿನವೇ. ಕೈಗಾಗಿ ಅತ್ತಿರಲಿಲ್ಲ.

ಬೆಳಗಾವಿಗೆ ನಮ್ಮೂರಿಂದ ಸುಮಾರು ಎರಡು ತಾಸಿನ ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿತ್ತಾದ್ದರಿಂದ ಬಸ್ಸಿನ ಖರ್ಚು ಉಳಿಯಿತು. ಇಲ್ಲವಾದರೆ ನಮ್ಮ ಮನೆಯವರ ಮುಂದೆ ಪ್ರತಿ ಸಲ ಕೈಯೊಡ್ಡಬೇಕಿತ್ತು, ಅದೂ ಎಡಗೈ! 1916ರಲ್ಲಿ ಶುರುವಾದ ಕೆ.ಎಲ್.ಇ. ಸಂಸ್ಥೆಯ ಹೆಸರು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ನೆಹರು ನಗರದಲ್ಲಿ ಅವರದೊಂದು ಫಿಜಿಯೋಥೆರಪಿ ಕಾಲೇಜೂ ಇದೆ. ಧಾರವಾಡದಲ್ಲಿ ಎಸ್.ಡಿ.ಎಂ. ಸಂಸ್ಥೆಯದೂ ಉಂಟು. ಸವದತ್ತಿ, ರಾಮದುರ್ಗದ ಕಡೆಯ ಸೋದರಿಯರಿಗೆ ಯಾವುದು ಹತ್ತಿರವೋ ಅದು.

ಅಲ್ಲಿ ಮೊದಲು ಮಾಡಿದ್ದು ಅಳತೆ. ನಮ್ಮ ಶಾಲೆಯ ಕಂಪಾಸ ಪೆಟ್ಟಿಗೆಯ ಕೋನಮಾಪಕದ ಹಾಗೆ ಒಂದು ಸಾಧನ, ಅದಕ್ಕೆ ಎರಡು ಉದ್ದನೆಯ ಪಟ್ಟಿ. ಕೈ ಪೂರ್ತಿ ಮೇಲೆದ್ದರೆ 180 ಡಿಗ್ರಿ. ನನ್ನದು 85. ನೋವಿಗೂ ಅಳತೆಯುಂಟು: ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾರದ್ದು. "ನಿಮ್ಮ ನೋವಿಗೆ ಎಷ್ಟು ಕೊಡ್ತೀರಿ ಕಾಕು?" ಎಂದು ಆ ಹುಡುಗಿ ಕೇಳಿದಾಗ ನನಗೆ ನಗು ಬಂತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನ್ನ ನೋವಿಗೆ ಎಷ್ಟು ಅಂಕ ಎಂದು ಯಾರೂ ಕೇಳಿರಲಿಲ್ಲ. ಏಳು ಎಂದು ಬರೆಸಿದೆ.

ಬಿಸಿ ಶಾಖ, ಆಮೇಲೆ ಚರ್ಮಕ್ಕೆ ಅಂಟಿಸುವ ಬಿಲ್ಲೆಗಳಿಂದ ಜುಮುಜುಮು ಎನ್ನುವ ಸಣ್ಣ ಕರೆಂಟು. ಇದು ಹೇಗೆ ನೋವು ತಗ್ಗಿಸುತ್ತದೆ ಎಂದು ತಂಗಿಯ ಮಗಳನ್ನು ಕೇಳಿದೆ. 1965ರಲ್ಲಿ ಕೆನಡಾದ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ವಾಲ್ ಎಂಬಿಬ್ಬರು, ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ ಎಂಬ ವಿಚಾರ ಮಂಡಿಸಿದರಂತೆ. ಸ್ಪರ್ಶದ, ತಿಕ್ಕುವಿಕೆಯ ಸುದ್ದಿ ಹೊತ್ತು ತರುವ ನರಗಳು ಆ ಬಾಗಿಲಿಗೆ ಬಂದು ನಿಂತರೆ ನೋವಿನ ಸುದ್ದಿಗೆ ಒಳಹೋಗಲು ಜಾಗ ಕಡಿಮೆಯಾಗುತ್ತದೆ. ಮಗು ಬಿದ್ದು ಮೊಣಕಾಲು ತಾಗಿಸಿಕೊಂಡಾಗ ನಾವು ಓಡಿಹೋಗಿ ಆ ಜಾಗವನ್ನು ಸವರುವುದಿಲ್ಲವೇ? ಅದೇ ವಿದ್ಯೆ! ನಮ್ಮ ಅಜ್ಜಿಯಂದಿರು ಪುಸ್ತಕ ಬರೆಯಲಿಲ್ಲ, ಅಷ್ಟೇ.

ಆದರೆ ಶಾಖವಾಗಲಿ ಕರೆಂಟಾಗಲಿ ಭುಜವನ್ನು ಬಿಡಿಸುವುದಿಲ್ಲ, ನೋವು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತವೆ ಎಂದು ಅವರೇ ಮೊದಲ ದಿನ ಹೇಳಿಬಿಟ್ಟರು. ಯಂತ್ರದ ಕೆಳಗೆ ಕೂತೆದ್ದು ಬಂದರೆ ವಾಸಿಯಾಗುತ್ತದೆಂದು ನಾನೂ ಆಸೆಪಟ್ಟಿದ್ದೆ, ನಿಜ ಹೇಳುತ್ತೇನೆ.

ವ್ಯಾಯಾಮದ ವಿಷಯದಲ್ಲಿ ನನಗಿದ್ದ ದೊಡ್ಡ ಭಯ ಆ ಹಳ್ಳಿಯ ಎಳೆತ. ಮತ್ತೆ ಯಾರಾದರೂ ಜಗ್ಗಿದರೆ? ತಂಗಿಯ ಮಗಳು ಧೈರ್ಯ ಹೇಳಿದ್ದು ಒಂದು ಸಂಶೋಧನೆಯಿಂದ. ನೆದರ್ಲೆಂಡ್ಸ್ ದೇಶದಲ್ಲಿ ಇದೇ ರೋಗದ 77 ಜನರನ್ನು ಎರಡು ವರ್ಷ ನೋಡಿಕೊಂಡು 2004ರಲ್ಲಿ ಫಲ ಪ್ರಕಟಿಸಿದರು. ಒಂದು ಗುಂಪಿಗೆ ನೋವನ್ನು ಮೀರಿ ಜಗ್ಗುವ ಕಠಿಣ ವ್ಯಾಯಾಮ. ಇನ್ನೊಂದಕ್ಕೆ ನೋವಿನ ಗಡಿಯೊಳಗೇ ಮೆಲ್ಲಗಿನ ವ್ಯಾಯಾಮ, ಸಹಿಸಲಾಗುವಷ್ಟು ಮನೆಗೆಲಸ. ಎರಡು ವರ್ಷದ ಕೊನೆಗೆ ಮೆಲ್ಲಗೆ ಮಾಡಿದವರಲ್ಲಿ ನೂರಕ್ಕೆ 89 ಜನರ ಭುಜ ಬಹುಪಾಲು ಮೊದಲಿನಂತಾಗಿತ್ತು. ಜಗ್ಗಿಸಿಕೊಂಡವರಲ್ಲಿ 63 ಜನರದು ಮಾತ್ರ. ಇದನ್ನು ಕೇಳಿದ ರಾತ್ರಿ ನಾನು ಬಹಳ ದಿನಗಳ ನಂತರ ಚೆನ್ನಾಗಿ ನಿದ್ದೆ ಮಾಡಿದೆ.

ಮಾಡಿಸಿದ್ದು ಇಷ್ಟೇ. ಮೊದಲು ಹದಿನೈದು ನಿಮಿಷ ಬಿಸಿನೀರಿನ ಚೀಲ. ಆಮೇಲೆ ಎಡಗೈಯನ್ನು ಮೇಜಿನ ಮೇಲೂರಿ ಬಗ್ಗಿ, ಬಲಗೈಯನ್ನು ಬಾವಿಗೆ ಬಿಟ್ಟ ಹಗ್ಗದಂತೆ ಜೋತುಬಿಟ್ಟು ತೊಟ್ಟಿಲು ತೂಗಿದ ಹಾಗೆ ಹಿಂದೆ ಮುಂದೆ ತೂಗುವುದು. ಇದು ಆ ಕಾಡ್‌ಮನ್ನನೇ ಹೇಳಿಕೊಟ್ಟದ್ದು. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಹಲ್ಲಿ ಏರಿದಂತೆ ಏರಿಸುವುದು. ಅಡಿಗೆಮನೆಯ ಗೋಡೆಯ ಮೇಲೆ ಪ್ರತಿ ವಾರ ಇದ್ದಲಿಯಿಂದ ಒಂದು ಗೆರೆ ಎಳೆದೆ. ಅತ್ತೆಯವರು "ಗ್ವಾಡಿ ಹೊಲಸ ಮಾಡತಿ" ಎಂದು ಬೈದರು, ಮುಂದೆ ಅವರೇ "ಈ ವಾರದ ಗೆರಿ ಎಲ್ಲಿ?" ಎಂದು ಕೇಳುತ್ತಿದ್ದರು. ಲಟ್ಟಣಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿಕೊಂಡು, ಎಡಗೈಯಿಂದ ಬಲಗೈಯನ್ನು ಹೊರಗೆ ತಳ್ಳುವುದು ಇನ್ನೊಂದು. ಎಲ್ಲವೂ ಹತ್ತು ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ. ಮಾಡುವಾಗ ಸ್ವಲ್ಪ ಎಳೆದಂತಾಗಬೇಕು. ಮಾಡಿ ಮುಗಿಸಿದ ಮೇಲೂ ನೋವು ಹೆಚ್ಚಾಗಿಯೇ ಉಳಿದರೆ ಅತಿಯಾಯಿತು ಎಂದರ್ಥ.

ನಾಲ್ಕು ತಿಂಗಳಾದ ಮೇಲೆ ಒಂದು ಸಂಗತಿ ಕಂಡಿತು: ಬಲ ರಟ್ಟೆ ಎಡದ್ದಕ್ಕಿಂತ ಸಣ್ಣಗಾಗಿತ್ತು. ರವಿಕೆಯ ತೋಳು ಅಲ್ಲಿ ಸಡಿಲ. ದುಡಿಯದ ಸ್ನಾಯು ಕೆಲವೇ ವಾರದಲ್ಲಿ ಸೊರಗುತ್ತದೆ. ಅದನ್ನು ಮತ್ತೆ ತುಂಬಿಸುವ ಕ್ರಮವನ್ನು ಡೆಲಾರ್ಮ್ ಎಂಬ ಅಮೆರಿಕದ ಸೈನ್ಯದ ವೈದ್ಯ ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ಮೇಲೆ ಪ್ರಯೋಗಿಸಿ 1945ರಲ್ಲಿ ಬರೆದ. ಅಲ್ಲಿಯವರೆಗೆ ಹಗುರ ಭಾರವನ್ನು ನೂರಾರು ಸಲ ಎತ್ತಿಸುತ್ತಿದ್ದರು. ಅವನು ಸಲ ಕಡಿಮೆ ಮಾಡಿ, ಶಕ್ತಿ ಬಂದಂತೆ ಭಾರ ಏರಿಸಿದ. ನನ್ನ ಭಾರ ಒಂದು ತಂಬಿಗೆ. ಮೊದಲು ಕಾಲು ಲೀಟರು ನೀರು, ಅದು ಸಲೀಸಾದ ಮೇಲೆ ಅರ್ಧ, ಆಮೇಲೆ ಒಂದು. ತುಳಸಿಗೆ ನೀರು ಹಾಕುವ ನೆಪದಲ್ಲಿ ವ್ಯಾಯಾಮ ಮುಗಿಯುತ್ತಿತ್ತು.

ಸೂಜಿ, ಶಸ್ತ್ರಚಿಕಿತ್ಸೆ ಬೇಡವೇ ಎಂದು ನಮ್ಮ ಮನೆಯವರು ಕೇಳಿದ್ದುಂಟು. ಇಂಗ್ಲೆಂಡಿನ ಕಡೆ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿ 2020ರಲ್ಲಿ ತಿಳಿಸಿದರು: ಸ್ಟಿರಾಯ್ಡ್ ಸೂಜಿಯೊಂದಿಗೆ ಫಿಜಿಯೋಥೆರಪಿ, ಮತ್ತು ಬರಿಸಿ ಕೈ ಬಿಡಿಸುವುದು, ದುರ್ಬೀನಿನ ಶಸ್ತ್ರಚಿಕಿತ್ಸೆ. ಮೂರರಿಂದಲೂ ಜನ ಸುಧಾರಿಸಿದರು, ಒಂದು ವರ್ಷದ ಹೊತ್ತಿಗೆ ಯಾವುದೂ ಉಳಿದೆರಡಕ್ಕಿಂತ ಎದ್ದು ಕಾಣುವಷ್ಟು ಮೇಲಾಗಲಿಲ್ಲ. ನನಗೆ ಸೂಜಿ ಕೊಡಲಿಲ್ಲ. ಅದು ಮೊದಲ ತಿಂಗಳುಗಳ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದಾದರೂ ಕೆಲವು ದಿನ ಸಕ್ಕರೆ ಏರಿಸುತ್ತದೆ, ನನ್ನ ಸಕ್ಕರೆ ಆಗ ಹಿಡಿತದಲ್ಲಿರಲಿಲ್ಲ. ನಿಮ್ಮ ವೈದ್ಯರು ಬೇರೆ ಹೇಳಿದರೆ ಅವರ ಮಾತು ಕೇಳಿರಿ.

ಇನ್ನೊಂದು ಮಾತು, ಮರೆತರೆ ತಪ್ಪಾದೀತು. ಭುಜದ ನೋವೆಲ್ಲ ಇದೇ ಅಲ್ಲ. ಎಡಭುಜ ನೋಯುತ್ತ ಎದೆ ಬಿಗಿದು ಬೆವರು ಬಂದರೆ ಬಿಸಿನೀರಿನ ಚೀಲ ಹುಡುಕುತ್ತ ಕೂರಬೇಡಿರಿ, ತಕ್ಷಣ ಆಸ್ಪತ್ರೆಗೆ ಹೊರಡಿರಿ. ಬಿದ್ದ ಮೇಲೆ ಬಂದ ನೋವನ್ನು, ಜ್ವರದೊಂದಿಗಿನ ನೋವನ್ನು ವೈದ್ಯರಿಗೇ ತೋರಿಸಬೇಕು. ಸಕ್ಕರೆ ಕಾಯಿಲೆಯವರು ಬಿಸಿ ಚೀಲವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಕೊಳ್ಳಿರಿ. ಚರ್ಮಕ್ಕೆ ಅರಿವು ಕಡಿಮೆಯಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ.

ಕಾರ ಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಬಳಿಯುವ ಗಡಿಬಿಡಿಯಲ್ಲಿ ನಾನು ಕನ್ನಡಿಯ ಮುಂದೆ ನಿಂತು ಎರಡೂ ಕೈಯಿಂದ ಜಡೆ ಹಾಕಿಕೊಂಡೆ. ಯಾರೂ ಗಮನಿಸಲಿಲ್ಲ. ಗೋಡೆಯ ಗೆರೆ ಆಗ ನನ್ನ ತಲೆಯಿಂದ ಒಂದು ಗೇಣು ಮೇಲಿತ್ತು. ಮುಂದಿನ ಎಳ್ಳ ಅಮಾವಾಸ್ಯೆಗೆ ಚರಗ ಎರಡು ಸಾಲು ಜೋಳ ದಾಟಿ ಬಿತ್ತು, ಹುಡುಗರು ಚಪ್ಪಾಳೆ ಹೊಡೆದರು.

ರೊಟ್ಟಿಯನ್ನು ಈಗ ನಾನೊಬ್ಬಳೇ ಬಡಿಯುವುದಿಲ್ಲ. ಹಿರಿಯ ಮಗ ಹಿಟ್ಟು ನಾದಿ ಕೊಡುತ್ತಾನೆ, ಸಂಜೆಯ ರೊಟ್ಟಿ ಮಗಳದು. ಬೆನ್ನ ಹಿಂದಿನ ಹುಕ್ಕು? ಹೆಬ್ಬೆರಳು ಅದಕ್ಕಿಂತ ಎರಡು ಬೆರಳಷ್ಟು ಕೆಳಗೆ ನಿಂತುಬಿಡುತ್ತದೆ. ಕೆಲವರಿಗೆ ಇಷ್ಟು ಬಿಗಿತ ಉಳಿದೇ ಹೋಗುವುದುಂಟಂತೆ. ದಿನಾ ಬೆಳಿಗ್ಗೆ ಮಗಳನ್ನು ಕೂಗುತ್ತೇನೆ. ಅವಳು ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡೇ ಬಂದು ಹಾಕಿ ಹೋಗುತ್ತಾಳೆ.