ನೀರು ಇಳಿದ ಮೇಲೆ

ಹೊರನಾಡಿನಲ್ಲಿ ಬದುಕುವವರಿಗೆ ಆ ಊರಿನ ಭಾಷೆ ಕಂತು ಕಂತಾಗಿ ಬರುತ್ತದೆ. ಮೊದಲು ತರಕಾರಿಯವನ ಜೊತೆ ಚೌಕಾಸಿ ಮಾಡುವಷ್ಟು, ಆಮೇಲೆ ಆಟೋದವನ ಜೊತೆ ಜಗಳವಾಡುವಷ್ಟು, ಇನ್ನೂ ಕೆಲವು ವರ್ಷ ಕಳೆದ ಮೇಲೆ ಸಿನಿಮಾದ ಜೋಕಿಗೆ ಎಲ್ಲರ ಜೊತೆಗೇ ನಗುವಷ್ಟು. ನಾನು ಚೆನ್ನೈಗೆ ಬಂದು ಇಪ್ಪತ್ತು ವರ್ಷ ದಾಟಿತು. ಈ ಮೂರೂ ಕಂತು ನನಗೆ ಸಂದಿವೆ. ನಮ್ಮತ್ತೆಯವರಿಗೆ ಮೊದಲನೆಯದೂ ಪೂರ್ತಿ ಸಂದಿರಲಿಲ್ಲ. ಅವರು ತಿಪಟೂರಿನ ಕಡೆಯವರು. ಮಾವ ತೀರಿಕೊಂಡ ಮೇಲೆ, 2012ರಲ್ಲಿ, ನಮ್ಮ ಜೊತೆ ಇರಲು ಬಂದರು. ತಮಿಳಿನಲ್ಲಿ ‘ಎವ್ವಳವು’ ಒಂದನ್ನು ಕಲಿತಿದ್ದರು. ಬೆಲೆ ಕೇಳುವುದಕ್ಕೆ ಅದು ಸಾಕು, ಅವರು ಹೇಳಿದ ಬೆಲೆ ಅರ್ಥವಾಗುವುದಕ್ಕೆ ಸಾಲದು. ಬೆರಳು ಮಡಿಸಿ ತೋರಿಸಿ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಅಳುವುದಕ್ಕೆ ಎಷ್ಟು ತಮಿಳು ಬೇಕು ಅನ್ನುವ ಪ್ರಶ್ನೆ 2015ರ ಡಿಸೆಂಬರಿನ ತನಕ ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಿರಲಿಲ್ಲ.

ಆ ವರ್ಷದ ಮಳೆಯನ್ನು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ನವೆಂಬರ್ ಪೂರ್ತಿ ಸುರಿದು ಸುತ್ತಲಿನ ಕೆರೆಗಳೆಲ್ಲ ತುಂಬಿ ಕೂತಿದ್ದವು. ಡಿಸೆಂಬರ್ 1ರಂದು ತಾಂಬರಂನಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ 49 ಸೆಂಟಿಮೀಟರ್ ಮಳೆ. ಚೆಂಬರಂಬಾಕ್ಕಂ ಕೆರೆಯಿಂದ ಆ ದಿನ 29,000 ಕ್ಯೂಸೆಕ್ಸ್ ನೀರನ್ನು ಅಡ್ಯಾರ್ ನದಿಗೆ ಬಿಟ್ಟರು. ಇದು ಮನುಷ್ಯರೇ ತಂದುಕೊಂಡ ವಿಪತ್ತು ಎಂದು 2018ರಲ್ಲಿ ಸಿಎಜಿ ವರದಿ ಹೇಳಿತು. ಅಷ್ಟು ಹೊತ್ತಿಗೆ ನಮ್ಮ ಗೋಡೆಯ ಮೇಲಿನ ನೀರಿನ ಗೆರೆಯ ಮೇಲೆ ಎರಡು ಸಲ ಸುಣ್ಣ ಬಳಿದಾಗಿತ್ತು. ವಿಮಾನ ನಿಲ್ದಾಣ ಮುಚ್ಚಿತು, ಕರೆಂಟು ಹೋಯಿತು, ಫೋನುಗಳು ಸತ್ತವು. 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆ ಡಿಸೆಂಬರ್ 2ರಂದು ಚೆನ್ನೈಯಲ್ಲಿ ಅಚ್ಚಾಗಲಿಲ್ಲ, ಕೆಲಸಗಾರರು ಪ್ರೆಸ್ಸಿಗೆ ಹೋಗುವುದಕ್ಕೇ ಆಗಲಿಲ್ಲವಂತೆ. ಬೆಳಿಗ್ಗೆ ಆ ಪೇಪರು ಮತ್ತು ಫಿಲ್ಟರ್ ಕಾಫಿ ಇಲ್ಲದೆ ಕಣ್ಣು ಬಿಡದ ಊರಿದು. ಊರಿಗೇನಾಗಿದೆ ಅನ್ನುವುದು ಊರಿಗೇ ಗೊತ್ತಾಗಲಿಲ್ಲ.

ನಾವಿದ್ದದ್ದು ಜಾಫರ್‌ಖಾನ್ ಪೇಟೆಯಲ್ಲಿ, ನದಿಯಿಂದ ನಾಲ್ಕು ಬೀದಿ ಈಚೆಗೆ, ನೆಲಮಾಳಿಗೆಯೇನಲ್ಲ, ಕೆಳಗಿನ ಮನೆ. ರಾತ್ರಿ ಎರಡು ಗಂಟೆಗೆ ಮೊದಲು ಬಚ್ಚಲ ತೂಬಿನಿಂದ ನೀರು ಉಕ್ಕಿತು. ಬಾಗಿಲಲ್ಲಿ ಬಂದದ್ದು ಆಮೇಲೆ. ಅರ್ಧ ಗಂಟೆಯಲ್ಲಿ ಮಂಚದ ಮಟ್ಟ. ಇವರು ಮತ್ತು ಪಕ್ಕದ ಬೀದಿಯ ಇಬ್ಬರು ಹುಡುಗರು ಸೇರಿ ಅತ್ತೆಯನ್ನು ಹೊತ್ತು ಮಹಡಿ ಮನೆಗೆ ಸೇರಿಸಿದರು. ಮೂರು ರಾತ್ರಿ ಅಲ್ಲೇ ಇದ್ದೆವು, ನಾಲ್ಕು ಕುಟುಂಬ, ಎರಡು ಕೋಣೆ. ಆ ಮೂರು ದಿನದ ಕಥೆಯನ್ನು ನಾನಿಲ್ಲಿ ಹೇಳುವುದಿಲ್ಲ. ದೋಣಿ ತಂದ ಮೀನುಗಾರರ ಬಗ್ಗೆ, ಮಸೀದಿಯ ಬಾಗಿಲು ತೆರೆದು ಅಡುಗೆ ಮಾಡಿ ಹಂಚಿದವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಎಲ್ಲ ನಿಜವೇ. ನಾನು ಹೇಳಬೇಕೆಂದಿರುವುದು ನೀರು ಇಳಿದ ಮೇಲಿನದು.

ನೀರು ಇಳಿದ ಮೇಲೆ ಎಲ್ಲರೂ ಲೆಕ್ಕಕ್ಕೆ ಕೂತರು. ಫ್ರಿಜ್ಜು, ಹಾಸಿಗೆ, ಮಗಳ ಪುಸ್ತಕ, ಸ್ಕೂಟರು. ಸರ್ಕಾರದವರು ಮನೆಗೆ ಐದು ಸಾವಿರ ರೂಪಾಯಿ, ಹತ್ತು ಕೆ.ಜಿ. ಅಕ್ಕಿ, ಒಂದು ಸೀರೆ, ಒಂದು ಪಂಚೆ ಅಂತ ಘೋಷಿಸಿದರು. ಅತ್ತೆಯ ಲೆಕ್ಕದಲ್ಲಿ ಹೋದದ್ದು ಒಂದೇ: ಹಾಡಿನ ಪುಸ್ತಕ. ಮದುವೆಯಾದ ವರ್ಷದಿಂದ ಬರೆದಿಟ್ಟುಕೊಂಡು ಬಂದ ಇನ್ನೂರು ಪುಟದ ನೋಟುಪುಸ್ತಕ. ಆರತಿ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು. ಟ್ರಂಕಿನ ತಳದಿಂದ ತೆಗೆದಾಗ ಅದು ನೆನೆದ ರೊಟ್ಟಿಯ ಥರ ಕೈಗೆ ಬಂತು. ನೀಲಿ ಶಾಯಿಯೆಲ್ಲ ಒಂದಾಗಿತ್ತು. ಅತ್ತೆ ಏನೂ ಅನ್ನಲಿಲ್ಲ. ಅದನ್ನು ಮಹಡಿಯ ಮೇಲೆ ಬಿಸಿಲಿಗೆ ಹರಡಿ, ಕಾಗೆ ಕಾಯುವ ಹಾಗೆ ಕಾದು ಕೂತರು.

ಒಂದು ವಾರಕ್ಕೆ ಮೈಯಲ್ಲಿ ಶುರುವಾಯಿತು. ಎದೆ ಹೊಡ್ಕೊಳ್ತದೆ, ತಲೆ ಭಾರ, ಕಾಲು ಜುಮ್ಮನ್ನುತ್ತದೆ. ಇಸಿಜಿ ತೆಗೆಸಿದ್ದಾಯಿತು, ರಕ್ತ ಪರೀಕ್ಷೆ ಆಯಿತು, ಎಲ್ಲ ಸರಿ ಇದೆ ಅಂದರು. ರಾತ್ರಿ ನಾಲ್ಕೈದು ಸಲ ಎದ್ದು, ದೀಪ ಹಾಕದೆ, ಬಗ್ಗಿ ನೆಲ ಮುಟ್ಟಿ ನೋಡುತ್ತಿದ್ದರು. ಮೇಲಿನ ಟ್ಯಾಂಕು ತುಂಬಿ ನೀರು ಚೆಲ್ಲುವ ಸದ್ದಾದರೆ ಸಾಕು, ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕ ಇರುವ ಚೀಲವನ್ನು ಎದೆಗವಚಿಕೊಂಡು ಮೆಟ್ಟಿಲ ಹತ್ತಿರ ನಿಂತುಬಿಡುತ್ತಿದ್ದರು. ಬಚ್ಚಲ ತೂಬಿಗೆ ಒಂದು ಕಲ್ಲು ಹೇರಿಟ್ಟಿದ್ದರು. ಸ್ನಾನಕ್ಕೆ ಹೋದವರೆಲ್ಲ ಅದನ್ನು ತೆಗೆದು ಮತ್ತೆ ಮುಚ್ಚಬೇಕು.

ಹತ್ತಿರದ ಶಾಲೆಯಲ್ಲಿ ಆರೋಗ್ಯ ಶಿಬಿರ ನಡೆಯುತ್ತಿತ್ತು. ಜ್ವರ, ಭೇದಿಯ ಸಾಲು ಉದ್ದಕ್ಕಿತ್ತು. ಒಂದು ಮೂಲೆಯಲ್ಲಿ ಚಾಪೆ ಹಾಸಿಕೊಂಡು ಸಮಾಜಕಾರ್ಯ ಓದುತ್ತಿದ್ದ ಹುಡುಗಿಯೊಬ್ಬಳು ಮನಸ್ಸಿನ ವಿಚಾರ ಕೇಳುತ್ತಿದ್ದಳು. ಒಳ್ಳೆಯ ಹುಡುಗಿ. ಅತ್ತೆಯ ಕೈ ಹಿಡಿದುಕೊಂಡು, “ಎಪ್ಪಡಿ ಇರುಕ್ಕೀಂಗ ಪಾಟ್ಟಿ? ತೂಕ್ಕಂ ವರುದಾ?” ಅಂದಳು. ಹೇಗಿದ್ದೀರಿ ಅಜ್ಜಿ, ನಿದ್ದೆ ಬರುತ್ತದಾ ಅಂತ. ನಾನು ಕನ್ನಡಕ್ಕೆ ತಿರುಗಿಸಿದೆ. ಅತ್ತೆ ನನ್ನ ಮುಖ ನೋಡಿ, “ಚೆನ್ನಾಗಿದೀನಿ ಅನ್ನಮ್ಮ. ಸೊಸೆ, ಮಗ ಚೆನ್ನಾಗಿ ನೋಡ್ಕೊತಾರೆ ಅನ್ನು” ಅಂದರು. ನಾನು ಅದನ್ನೇ ತಮಿಳಿನಲ್ಲಿ ಹೇಳಿದೆ. ಆ ಹುಡುಗಿ ಬರೆದುಕೊಂಡಳು. ನೀವೇ ಯೋಚಿಸಿ, ಸೊಸೆಯ ಬಾಯಿಂದ ಹಾದು ಹೋಗಬೇಕಾದ ಮಾತಿನಲ್ಲಿ ಯಾವ ಅತ್ತೆ ಏನು ಹೇಳಿಯಾಳು? ಊರಿಗೆ ಹೋಗಬೇಕು ಅನ್ನಿಸುತ್ತದೆ ಅಂದರೆ ಮಗನಿಗೆ ನೋವು, ಈ ಮನೆ ಭಯ ಅಂದರೆ ಬಾಡಿಗೆ ಕಟ್ಟುವವರಿಗೆ ನೋವು. ಭಾಷೆ ಬಾರದವರಿಗೆ ಮನೆಯವರನ್ನೇ ದುಭಾಷಿ ಮಾಡಿ ಮನಸ್ಸಿನ ವೈದ್ಯ ಮಾಡುವುದೆಂದರೆ, ಕದ ತೆಗೆದಿಟ್ಟು ಸೀರೆ ಉಡು ಅಂದ ಹಾಗೆ.

ನಮ್ಮ ಕನ್ನಡ ಸಂಘದಲ್ಲಿ ಸದಸ್ಯರ ಫೋನು ನಂಬರುಗಳ ಒಂದು ಪುಸ್ತಿಕೆ ಇದೆ. ಪುರೋಹಿತರು, ಅಡುಗೆಯವರು, ರಾಜ್ಯೋತ್ಸವಕ್ಕೆ ಹಾಡುವವರು ಎಲ್ಲರೂ ಅದರಲ್ಲಿ ಸಿಗುತ್ತಾರೆ. ಕನ್ನಡ ಬರುವ ಮನೋವೈದ್ಯರು ಯಾರಾದರೂ ಇದ್ದಾರಾ ಅಂತ ಕಾರ್ಯದರ್ಶಿಯವರನ್ನು ಕೇಳಿದಾಗ ಅವರು ಕ್ಷಣ ಸುಮ್ಮನಾಗಿ, ದನಿ ತಗ್ಗಿಸಿ, “ಯಾರಿಗಮ್ಮಾ?” ಅಂದರು. ನಮ್ಮ ಕಡೆ ನಿಮ್ಹಾನ್ಸ್ ಅಂದರೆ ಹೇಗೆ ಒಂದು ಅರ್ಥ ಬಂದುಬಿಟ್ಟಿದೆಯೋ ಇಲ್ಲಿ ಕೀಳ್ಪಾಕ್ ಅನ್ನುವುದಕ್ಕೆ ಅದೇ ಅರ್ಥ. 1794ರಿಂದ ಇರುವ ಆಸ್ಪತ್ರೆ, ಪಾಪ, ಅದರ ಬಡಾವಣೆಯ ಹೆಸರು ಬೈಗುಳವಾಗಿದೆ. ಆದರೂ ಸಂಜೆಯೊಳಗೆ ಅವರೇ ಒಂದು ನಂಬರು ಹುಡುಕಿ ಕೊಟ್ಟರು.

ಡಾಕ್ಟರು ನಿಮ್ಹಾನ್ಸಿನಲ್ಲೇ ಓದಿದವರು. ನನ್ನನ್ನು ಹೊರಗೆ ಕೂರಿಸಿ ಅತ್ತೆಯ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ನಿದ್ದೆ ಕೂಡಿಬರಲು ಸಣ್ಣದೊಂದು ಮಾತ್ರೆ, ಸ್ವಲ್ಪ ದಿನಕ್ಕೆ ಮಾತ್ರ. ಆಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದ್ದರಲ್ಲಿ ಮುಖ್ಯವಾದದ್ದು: ಆ ರಾತ್ರಿ ಏನಾಯಿತು ಅಂತ ಬಂದವರೆಲ್ಲ ಕೇಳಿ ಕೇಳಿ ಬಾಯಿ ಬಿಡಿಸಬಾರದು, ಅವರಾಗಿ ಹೇಳಿದರೆ ಅಡ್ಡ ಮಾತಾಡದೆ ಕೇಳಬೇಕು, ಕೈಗೆ ಕೆಲಸ ಕೊಡಬೇಕು, ಹೊತ್ತಿಗೆ ಸರಿಯಾಗಿ ಬಂದು ಕೂರುವ ಒಬ್ಬರು ಬೇಕು. ಬಹಳ ಜನಕ್ಕೆ ಇಷ್ಟರಲ್ಲೇ ನಿಧಾನಕ್ಕೆ ಕಡಿಮೆಯಾಗುತ್ತದೆ, ಆಗದಿದ್ದರೆ ಚಿಕಿತ್ಸೆ ಇದ್ದೇ ಇದೆ ಅಂದರು. ನನಗೆ ಆ ಕ್ಷಣ, ಇಷ್ಟಕ್ಕೆ ಇಷ್ಟು ಫೀಸಾ ಅನ್ನಿಸಿದ್ದು ನಿಜ. ಆಮೇಲೆ ಓದಿಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿಯ ಸಾರವೂ ಹೆಚ್ಚುಕಡಿಮೆ ಅದೇ: ನೋಡಿ, ಕೇಳಿ, ನೆರವಿನ ಜೊತೆ ಜೋಡಿಸಿ.

ಈ ವಿದ್ಯೆಗೆ ನಮ್ಮ ಬೆಂಗಳೂರಿನ ಋಣವಿದೆ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಹಿರಿಯ ಓದುಗರಿಗೆ ಆ ದಿನ ಮರೆತಿರಲಾರದು. ಆ ಮನೆಗಳವರ ಮನಸ್ಸಿಗೆ ಏನಾಯಿತು ಎಂದು ನಿಮ್ಹಾನ್ಸಿನವರು ಅಧ್ಯಯನ ಮಾಡಿದರು. ವಿಪತ್ತಿನ ಆಮೇಲಿನ ಮನಸ್ಸನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೊಂದು. ಮುಂದೆ 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಆದಾಗ ಅಲ್ಲಿನ ಊರವರಿಗೇ ಈ ಕೆಲಸದ ತರಬೇತಿ ಕೊಡಲು ಹೋದವರಲ್ಲಿ ನಿಮ್ಹಾನ್ಸಿನವರು ಇದ್ದರು. ಚೆನ್ನೈಗೂ ಅದರದ್ದೇ ಪಾಠವಿದೆ. 1986ರಿಂದ ಆತ್ಮಹತ್ಯೆ ತಡೆಯುವ ಕೆಲಸದಲ್ಲಿರುವ ‘ಸ್ನೇಹಾ’ ಸಂಸ್ಥೆಯ ಸ್ವಯಂಸೇವಕರು ಸುನಾಮಿಯಲ್ಲಿ ತಮ್ಮವರನ್ನು ಕಳೆದುಕೊಂಡ ಕಡಲ ಬದಿಯ ಮನೆಗಳಿಗೆ ಹೋಗಿ ಕೂತು ಬರುತ್ತಿದ್ದರು. ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹಾಗೆ ಹೋಗಿ ಬಂದ ಮನೆಗಳವರ ಸಂಕಟ, ಹೋಗದ ಕಡೆಯವರದ್ದಕ್ಕಿಂತ ಕಡಿಮೆಯಾಗಿತ್ತು ಎಂದು ಆಮೇಲೆ ಅಳೆದು ನೋಡಿದಾಗ ಕಂಡಿತು.

ನಮಗೆ ಸಿಕ್ಕವರಿಗೆ ಯಾವ ತರಬೇತಿಯೂ ಇರಲಿಲ್ಲ. ಮಹಡಿ ಮನೆಯ ಅಕ್ಕ. ಸೇಲಂ ಕಡೆಯವರು, ಆ ಮನೆಗೆ ಬಂದು ಆರು ತಿಂಗಳಾಗಿತ್ತು ಅಷ್ಟೆ, ಮೆಟ್ಟಿಲಲ್ಲಿ ಸಿಕ್ಕಾಗ ತಮಿಳಿನಲ್ಲಿ ಎರಡು ಮಾತು, ಅಷ್ಟರಲ್ಲೇ ಮುಗಿದಿತ್ತು ಪರಿಚಯ. ಪ್ರವಾಹದ ಎರಡನೆಯ ರಾತ್ರಿ ಕತ್ತಲಲ್ಲಿ ಅವರು ಮೊಮ್ಮಗನನ್ನು ಗದರಿಸಿದ್ದು ಕೇಳಿ ನಮ್ಮತ್ತೆ ಎದ್ದು ಕೂತುಬಿಟ್ಟರು. ಗದರಿದ್ದು ಕನ್ನಡದಲ್ಲಿ! ಅವರು ದೇವಾಂಗದವರು. ತಮಿಳುನಾಡಿನಲ್ಲಿ ಎಷ್ಟೋ ತಲೆಮಾರಿನಿಂದ ಇದ್ದೂ ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ನೇಕಾರ ಮನೆತನಗಳು ಸೇಲಂ, ಕೊಯಮತ್ತೂರು ಕಡೆ ಬೇಕಾದಷ್ಟಿವೆ. ಓದಲು ಬರೆಯಲು ತಮಿಳು, ಬೈಯಲು ಮುದ್ದಿಸಲು ಕನ್ನಡ. ಮನೆದೇವರು ಚೌಡೇಶ್ವರಿ. “ನಮ್ಮೂರಾಗೂ ಚೌಡಮ್ಮನ ಗುಡಿ ಐತೆ” ಅಂತ ಅತ್ತೆ ಆ ಕತ್ತಲಲ್ಲಿ ಹೇಳಿದ್ದು ನನಗೆ ಕೇಳಿಸಿತು.

ಡಾಕ್ಟರು ಹೇಳಿದ ‘ಹೊತ್ತಿಗೆ ಸರಿಯಾಗಿ ಬಂದು ಕೂರುವ ಒಬ್ಬರು’ ಅಕ್ಕನೇ ಆದರು. ಮಧ್ಯಾಹ್ನ ಮೂರಕ್ಕೆ ಸೊಪ್ಪೋ ಅವರೆಕಾಯೋ ತಟ್ಟೆಯಲ್ಲಿಟ್ಟುಕೊಂಡು ಇಳಿದು ಬರುವರು. ಇಬ್ಬರೂ ಬಿಡಿಸುತ್ತಾ ಕೂರುವರು. ಅವರ ಕನ್ನಡ ನಮ್ಮದರ ಹಾಗಲ್ಲ, ಮಧ್ಯೆ ಮಧ್ಯೆ ತಮಿಳು ನುಗ್ಗುತ್ತದೆ. “ಕವಲೆ ಬೇಡಮ್ಮಾ” ಅನ್ನುವರು, ಚಿಂತೆ ಬೇಡ ಅನ್ನುವುದಕ್ಕೆ. ಅತ್ತೆ ಮೊದಲು ತಿದ್ದುತ್ತಿದ್ದವರು ಆಮೇಲೆ ತಾವೂ ಕವಲೆ ಅನ್ನತೊಡಗಿದರು. ಒಂದು ದಿನ ನಾನು ಆಫೀಸಿನಿಂದ ಬೇಗ ಬಂದಾಗ ಇಬ್ಬರೂ ಅಳುತ್ತಿದ್ದರು. ನನ್ನನ್ನು ಕಂಡು ಕಣ್ಣೊರೆಸಿಕೊಂಡರು. ಅತ್ತೆ ಆ ದಿನ ಅಕ್ಕನಿಗೆ ಏನು ಹೇಳಿದರೋ ನಾನು ಇಬ್ಬರನ್ನೂ ಕೇಳಿಲ್ಲ. ಸೊಸೆಗೆ ಹೇಳದ ಮಾತು ಸೊಸೆಗಲ್ಲ. ಅವತ್ತು ರಾತ್ರಿ ಅತ್ತೆ ಎದ್ದದ್ದು ಒಂದೇ ಸಲ.

ಹಾಡಿನ ಪುಸ್ತಕದ ಯೋಚನೆಯೂ ಅಕ್ಕನದೇ. “ನೀವು ಹೇಳಿ, ನಾನು ಬರೀತೀನಿ” ಅಂತ ಮೊಮ್ಮಗನ ಲಾಂಗ್ ನೋಟುಬುಕ್ಕು ತಂದರು. ಅತ್ತೆಗೆ ಕೈ ನಡುಕ ಬಂದಿತ್ತು, ಬರೆಯಲು ಆಗುತ್ತಿರಲಿಲ್ಲ. ಅಕ್ಕನಿಗೆ ಕನ್ನಡ ಲಿಪಿ ಬಾರದು. ಹಾಗಾಗಿ ತಿಪಟೂರು ಸೀಮೆಯ ಹಾಡುಗಳು ತಮಿಳು ಅಕ್ಷರದಲ್ಲಿ ಇಳಿದವು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಗಂಗೆ ಕಂಕೆಯಾಗುತ್ತಾಳೆ, ಗೌರಿ ಕೌರಿಯಾಗುತ್ತಾಳೆ. ಮರೆತ ಸಾಲುಗಳಿಗೆ ಜಾಗ ಬಿಟ್ಟು ಬರೆದರು. ಕೆಲವು ಜಾಗ ತಿಂಗಳುಗಳಾದ ಮೇಲೆ ತುಂಬಿದವು, ಹೊಸ್ತಿಲು ಒರೆಸುವಾಗ ನೆನಪಾಯ್ತು ಅಂತ ಅತ್ತೆ ಕೂಗಿಕೊಂಡು ಮಹಡಿ ಹತ್ತುತ್ತಿದ್ದರು. ಇನ್ನು ಕೆಲವು ಹಾಗೇ ಖಾಲಿ ಇವೆ.

2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಾಗಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟವಲ್ಲ, ಆಗ ಇಲ್ಲಿ ನಾವು ಬೀದಿಯಲ್ಲಿ ಗಟ್ಟಿಯಾಗಿ ಕನ್ನಡ ಮಾತಾಡದೆ ಎರಡು ದಿನ ಕಳೆದೆವು. ಮೂರು ಗಂಟೆಗೆ ಅಕ್ಕ ಎಂದಿನಂತೆ ಇಳಿದು ಬಂದರು. ಬಾಗಿಲು ಮಾತ್ರ ಹಾಕಿಕೊಂಡರು.

ಈಗ 14416 ಅನ್ನುವ ನಂಬರಿದೆ, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ದುಡ್ಡು ಕೊಡಬೇಕಿಲ್ಲ, ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಉಂಟು. ಹೊರನಾಡಿನಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಇಟ್ಟುಕೊಂಡಿರುವ ನಿಮ್ಮ ಮಕ್ಕಳಿಗೆ ಈ ನಂಬರು ಹೇಳಿ. ನಮಗೆ 2015ರಲ್ಲಿ ಅದಿರಲಿಲ್ಲ, ಇದ್ದಿದ್ದರೂ ಫೋನು ಕೆಲಸ ಮಾಡುತ್ತಿರಲಿಲ್ಲ ಅನ್ನಿ, ಮೊದಲ ವಾರ.

ನಾವು 2017ರಲ್ಲಿ ಅದೇ ಬೀದಿಯಲ್ಲಿ ಎರಡನೆಯ ಮಹಡಿಗೆ ಮನೆ ಬದಲಾಯಿಸಿದೆವು. ದೂರ ಹೋಗೋಣ ಅಂದರೆ ಅತ್ತೆ ಒಪ್ಪಲಿಲ್ಲ, ಮೂರು ಗಂಟೆಯ ಅಕ್ಕ ತಪ್ಪುತ್ತಾರಲ್ಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಊರು ಮತ್ತೆ ಮುಳುಗಿದಾಗ ಕರೆಂಟು ಹೋಯಿತು, ಕೆಳಗೆ ಬೀದಿಯಲ್ಲಿ ನೀರು ನಿಂತಿತು. ಅತ್ತೆಗೆ ಆಗ ಎಪ್ಪತ್ತೊಂಬತ್ತು. ಚೀಲ ತೆಗೆದುಕೊಂಡು ಮಂಚದ ಮೇಲೆ ಕೂತರು, ಮಾತಾಡಲಿಲ್ಲ. ಎರಡನೆಯ ಮಹಡಿಯಲ್ಲಿದ್ದೇವೆ ಅಂತ ಇವರು ಹೇಳಹೊರಟರು, ನಾನು ಸನ್ನೆ ಮಾಡಿ ಸುಮ್ಮನಾಗಿಸಿದೆ. ರಾತ್ರಿ ಮೂರು ಸಲ ಬಗ್ಗಿ ನೆಲ ಮುಟ್ಟಿದರು. ನಾನೂ ಪಕ್ಕದಲ್ಲಿ ಬಗ್ಗಿ ಮುಟ್ಟಿದೆ. “ಒಣಗೈತೆ ಕಣಮ್ಮ” ಅಂದರು. ಹೌದು ಒಣಗಿದೆ ಅಂದೆ. ಬೆಳಿಗ್ಗೆ ನೀರಿನಲ್ಲಿ ಮೊಣಕಾಲವರೆಗೆ ಸೀರೆ ಎತ್ತಿ ಹಿಡಿದುಕೊಂಡು ಅಕ್ಕ ಬಂದರು. ಗ್ಯಾಸ್ ಮುಗಿದಿದೆಯಂತೆ, ಕಾಫಿ ಇಲ್ಲೇ ಆಗಬೇಕು ಅಂದರು.