ಸಹದೇವ ಎಲ್ಲಿ ನೋಡುತ್ತಿದ್ದಾನೆ?

ಬನ್ನೂರಿನಲ್ಲಿ ನಾಟಕ ಕಟ್ಟುತ್ತಿದ್ದೇವೆ ಎಂದರೆ ಕೇಳಿದವರ ಮೊದಲ ಮಾತು ಒಂದೇ: "ದುರ್ಯೋಧನ ಯಾರು ಮಾಡ್ತಾವ್ರೆ?" ನಮ್ಮದು ಕುರುಕ್ಷೇತ್ರ ಅಲ್ಲ, ಹೊಸ ನಾಟಕ, ಹನ್ನೊಂದು ಜನ ಕೂತು ನಾವೇ ಮಾತು ಕೂಡಿಸಿಕೊಂಡದ್ದು ಎಂದು ಟೀ ಅಂಗಡಿಯಲ್ಲಿ ನಿಂತು ವಿವರಿಸಿದೆ. ಅಂಗಡಿಯವರು ಲೋಟ ತೊಳೆಯುತ್ತಲೇ ಕೇಳಿಸಿಕೊಂಡರು. "ಆಯ್ತು ಬುಡಿ ಸಾ, ಮೇನ್ ಪಾತ್ರ ಯಾರ್ದು?" ಎಂದರು. ಹನ್ನೊಂದು ಜನರದ್ದೂ ಎಂದೆ. ಅವರ ಕೈ ನಿಂತಿತು. "ಹಂಗಾದ್ರೆ ಜನ ಯಾರ್ನ ನೋಡ್ಬೇಕು?"

ಆ ಪ್ರಶ್ನೆಯನ್ನು ಮನೆಗೆ ಹೊತ್ತುಕೊಂಡೇ ಬಂದೆ. ತಾಲೀಮು ನಡೆದ ಎರಡು ತಿಂಗಳೂ ಅದು ನನ್ನ ಪಕ್ಕದಲ್ಲೇ ಕೂತಿತ್ತು.

ಅವರು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಮೈಸೂರು, ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ನಾಟಕ ಎಂದರೆ ಕುರುಕ್ಷೇತ್ರ. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ಕೂರುತ್ತಾರೆ. ದಿನಾ ಸಂಜೆ ಗದ್ದೆ ಕೆಲಸ ಮುಗಿಸಿದವರು ಬಂದು ಕಂದಪದ್ಯಕ್ಕೆ ಕಂಠ ಕೂಡಿಸುತ್ತಾರೆ. ಪಾತ್ರ ಬೇಕೆಂದರೆ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ನಕುಲ ಸಹದೇವರಿಗೆ ಕಡಿಮೆ. ಕೇಳುವವರು ಜಾಸ್ತಿಯಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಹಂಚಿಬಿಡುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ. ರಾತ್ರಿ ಶುರುವಾದದ್ದು ಮುಗಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಕುರುಕ್ಷೇತ್ರಕ್ಕಾಗಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆ ವೈಭವದ ನೆನಪು ಇನ್ನೂ ನಮ್ಮ ಹಳ್ಳಿಗಳ ಬಣ್ಣದ ಪರದೆಗಳಲ್ಲಿ ಉಳಿದಿದೆ. ಗದೆ ಹೊತ್ತ ಒಬ್ಬ ರೈತ ಒಂದು ರಾತ್ರಿಯ ಮಟ್ಟಿಗೆ ಹಸ್ತಿನಾಪುರದ ದೊರೆಯಾಗಿ, ಎದುರಿಗೆ ಕೂತ ಅವನ ಹೆಂಡತಿ ಮಕ್ಕಳು ಅವನನ್ನು ಹಾಗೆಯೇ ಕಾಣುವುದಿದೆಯಲ್ಲ, ಅದನ್ನು ಹಗುರಾಗಿ ಆಡುವವರ ಜೊತೆ ನಾನು ಮಾತಿಗೆ ಕೂರುವುದಿಲ್ಲ.

ನಮ್ಮ ಹನ್ನೊಂದು ಜನರಲ್ಲಿ ಒಬ್ಬರು ಆ ರಂಗದಿಂದಲೇ ಬಂದವರು. ಮೂವತ್ತು ವರ್ಷ ಸಹದೇವನ ಪಾತ್ರ ಮಾಡಿದವರು. ಮೊದಲ ದಿನ ಅವರನ್ನು ಕೇಳಿದೆ, ಅಷ್ಟು ವರ್ಷ ಅದೊಂದೇ ಪಾತ್ರ ಬೇಜಾರಾಗಲಿಲ್ಲವೇ ಎಂದು.

"ದೊಡ್ಡ ಪಾತ್ರಕ್ಕೆ ದುಡ್ಡಿರ್ನಿಲ್ಲ, ಅದು ಒಂದು. ಆಮೇಲೆ ಗೊತ್ತಾಯ್ತು, ಇದೇನ್ ಸಣ್ಣದಲ್ಲ ಅಂತ," ಎಂದರು. "ದ್ರೌಪದಿ ಬಿಚ್ಚಿದ ಮುಡಿ ಹಿಡ್ಕಂಡು ಕೃಷ್ಣನ ಮುಂದೆ ಅಳ್ತಾಳೆ ನೋಡಿ, ಆಗ ನಂಗೆ ಒಂದೂ ಮಾತಿಲ್ಲ. ಸುಮ್ನೆ ನಿಂತ್ಕಬೇಕು. ಒಂದ್ಸಲ ನಮ್ಮ ಮಾವ ಬಂದವ್ರಾ ಅಂತ ಜನದೊಳಗೆ ಕಣ್ಣಾಡಿಸ್ದೆ. ಅಷ್ಟೇ ಮಾಡಿದ್ದು. ಮುಂದ್ಗಡೆ ಕೂತಿದ್ದ ಹೆಂಗಸ್ರು ಅಳ್ತಾ ಇದ್ದೋರು ಹಿಂದಕ್ಕೆ ತಿರುಗಿ ನೋಡುದ್ರು, ನಾನು ಏನ್ ನೋಡ್ತಾವ್ನೆ ಅಂತ. ಪಾಪ, ದ್ರೌಪದಿ ಪದ ನಡೀತಾನೇ ಇತ್ತು. ಯಾರೂ ಕೇಳ್ನಿಲ್ಲ."

ಆ ಮಾತು ಕೇಳಿದ ಸಂಜೆ ನಾವು ತಾಲೀಮು ಮಾಡಲೇ ಇಲ್ಲ. ಅದೇ ಕಥೆಯನ್ನು ಎರಡು ಸಲ ಹೇಳಿಸಿಕೊಂಡೆವು.

ಮೇನ್ ಪಾತ್ರವಿಲ್ಲದ, ಎಲ್ಲರೂ ಸೇರಿ ಕಟ್ಟುವ ನಮ್ಮಂಥ ನಾಟಕಕ್ಕೆ ರಂಗಭೂಮಿಯವರು 'ಎನ್‌ಸೆಂಬಲ್' ಎನ್ನುತ್ತಾರೆ. ಫ್ರೆಂಚ್ ಪದ, ಒಟ್ಟಿಗೆ ಎಂದು ಅರ್ಥ. ನಮ್ಮ ತಂಡದ ಹುಡುಗಿಯೊಬ್ಬಳು, ನರಸೀಪುರದ ಕಾಲೇಜಿಗೆ ಹೋಗುವವಳು, ಅದನ್ನು ಕೇಳಿದವಳೇ, "ಸಾರ್, ಇದು ಸೋಮನಾಥಪುರದ ಪದ ಅಲ್ವಾ?" ಎಂದಳು. ನನಗೆ ಅರೆಕ್ಷಣ ಹೊಳೆಯಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇಟ್ಟ ಹೆಸರಿನಲ್ಲೇ 'ಸೇಕ್ರೆಡ್ ಎನ್‌ಸೆಂಬಲ್ಸ್' ಎಂದಿದೆ. ನಮ್ಮೂರಿಂದ 10 ಕಿ.ಮೀ. ಕೂಡ ಇಲ್ಲದ ಗುಡಿ.

ಮುಂದಿನ ಭಾನುವಾರ ಎಲ್ಲರೂ ಅಲ್ಲಿಗೇ ಹೋದೆವು. ಸೋಮನಾಥ ದಂಡನಾಯಕ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯ. ಒಂದೇ ಜಗತಿಯ ಮೇಲೆ ಮೂರು ಗರ್ಭಗುಡಿ. ಕೇಶವ, ಜನಾರ್ದನ, ವೇಣುಗೋಪಾಲ. ಶಾಲೆಯ ಟೂರಿನಲ್ಲಿ ಬಂದಾಗ ಎಲ್ಲರೂ ದೊಡ್ಡ ವಿಗ್ರಹಗಳನ್ನು ನೋಡಿದವರೇ. ಈ ಸಲ ಬಗ್ಗಿ ಬುಡದ ಸಾಲು ನೋಡಿದೆವು. ಗೋಡೆಯ ಸುತ್ತ ಕೆಳಗೆ ಆನೆಗಳು, ಅದರ ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಅದರ ಮೇಲೆ ರಾಮಾಯಣ ಭಾರತದ ಕಥೆ. ಕಥೆ ನಡೆಯುವುದು ಮೇಲೆ. ಆನೆಗಳಿಗೆ ಅಲ್ಲಿ ಮಾತಿಲ್ಲ, ನಡೆದಿವೆ ಅಷ್ಟೇ. ಆದರೆ ಒಂದರ ಸೊಂಡಿಲು ಮುಂದಿನದರ ಕಡೆ ಚಾಚಿದೆ, ಇನ್ನೊಂದು ಕತ್ತು ಹೊರಳಿಸಿದೆ; ಹಿಂದಿನದರ ಅರಿವಿಲ್ಲದೆ ಹೆಜ್ಜೆ ಇಟ್ಟ ಆನೆ ನಮಗೆ ಕಾಣಿಸಲಿಲ್ಲ. ಶಿಲ್ಪಿಗಳು ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದಿರುವ ಗುಡಿ ಇದು. ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಚೌಡೆಯ, ಬಾಲೆಯ, ಮಸಣಿತಮ್ಮ ಎಂಬವರೂ ಇದ್ದಾರೆ. ಇಷ್ಟು ಜನರ ಉಳಿ ಆಡಿದ ಕಲ್ಲು ಒಂದೇ ಕೈಯದ್ದು ಎನ್ನುವ ಹಾಗಿದೆಯಲ್ಲ ಎಂದು ಒಬ್ಬ ಹುಡುಗ ಅಂದ. ನನಗೆ ಹಾಗೆ ಅನ್ನಿಸಲಿಲ್ಲ. ಹಲವು ಕೈಗಳದ್ದು ಎಂದು ಗೊತ್ತಾಗುತ್ತದೆ, ಅದಕ್ಕೇ ಜೀವ ಇದೆ.

ಬಸ್ಸಿನಲ್ಲಿ ವಾಪಸು ಬರುವಾಗ ಬಿ.ವಿ. ಕಾರಂತರ ಮಾತು ಬಂತು. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಬೆಳೆದ ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಂಪನಿ ನಾಟಕದ ನಾಯಕನಟರ ಗತ್ತನ್ನು ಹತ್ತಿರದಿಂದ ಕಂಡವರೇ, ಎಲ್ಲರೂ ಹಾಡುವ, ಎಲ್ಲರೂ ಕುಣಿಯುವ, ಇವತ್ತು ರಾಜನಾದವನು ನಾಳೆ ಗುಂಪಿನಲ್ಲಿ ನಿಲ್ಲುವ ತಂಡಕ್ಕೆ ಕೈಹಾಕಿದ್ದು ನನಗೆ ದೊಡ್ಡ ವಿಷಯ. ಶ್ರೀರಂಗರ 'ಸತ್ತವರ ನೆರಳು' ನಾಟಕಕ್ಕೆ ಅವರು ಪುರಂದರದಾಸರ ಪದಗಳನ್ನು ತಂದು ಮೇಳದ ಬಾಯಲ್ಲಿ ಹಾಡಿಸಿದರು. ಇಲ್ಲಿ ಬನ್ನೂರಿನವನಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ: ಪುರಂದರದಾಸರ ಗುರು ವ್ಯಾಸರಾಯರು ಹುಟ್ಟಿದ್ದು ನಮ್ಮೂರಿನಲ್ಲಿ. ಭಜನೆ ಮೇಳದ ಆ ಒಟ್ಟುದನಿ ನಮಗೇನು ಹೊರಗಿನ ಸರಕಲ್ಲ.

ಹಾಗೆ ನೋಡಿದರೆ ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಆಡಿಕೊಳ್ಳುವುದೂ ಒಂದು ಮೇಳವೇ. ಆ ಕಾದಂಬರಿಯನ್ನು ರಂಗಾಯಣ ರಂಗಕ್ಕೆ ತಂದಿತು. 2010ರಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಆಡಿಸಿದರು; ರಾತ್ರಿಯಿಡೀ ಒಂಬತ್ತು ಗಂಟೆ. ಜನ ಒಂದು ರಂಗದಿಂದ ಇನ್ನೊಂದಕ್ಕೆ ಕಂಬಳಿ ಹೊದ್ದು ನಡೆದರು. ಆ ಕಾದಂಬರಿಯ ಹೊಸ್ತಿಲಲ್ಲಿ ಕುವೆಂಪು ಬರೆದ ಮಾತು ಓದಿದವರಿಗೆಲ್ಲ ಬಾಯಿಪಾಠ. "ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ."

ನಮ್ಮದು ಅಷ್ಟು ದೊಡ್ಡದಲ್ಲ. ಎಂಬತ್ತು ಜನ ಹಿಡಿಸುವ ಜಾಗ, ಹಿಂದೆ ಭತ್ತದ ಮೂಟೆ ಪೇರಿಸುತ್ತಿದ್ದ ಗೋದಾಮು. ಎತ್ತರದ ರಂಗವಿಲ್ಲ, ನೆಲವೇ ರಂಗ. ಜಮಖಾನ ಹಾಸಿದರೆ ಮೊದಲ ಸಾಲಿನವರ ಮೊಣಕಾಲಿಗೂ ನಟರ ಪಾದಕ್ಕೂ ನಡುವೆ ಒಂದು ಮಾರು. ಇಂಥ ಜಾಗದಲ್ಲಿ ಕುರುಕ್ಷೇತ್ರದ ಕಂಠ ಬೇಡ, ಉಸಿರು ಕೇಳಿಸುತ್ತದೆ. ಹಾಗೆಂದು ಇದು ಸುಲಭವಲ್ಲ. ದೊಡ್ಡ ರಂಗದ ಮೇಲೆ ಮೂಲೆಯಲ್ಲಿ ನಿಂತವನು ಒಂದು ಕ್ಷಣ ಮನೆಯ ಯೋಚನೆ ಮಾಡಿದರೆ ಕತ್ತಲು ಅವನನ್ನು ಕಾಯುತ್ತದೆ. ಇಲ್ಲಿ ಮೂಲೆಯೇ ಇಲ್ಲ.

ನಾಟಕದ ಕಥೆ ಒಂದು ರಾತ್ರಿಯದು. ಸರದಿ ನೀರಿಗಾಗಿ ನಾಲೆಯ ಬದಿಯಲ್ಲಿ ಕಾದು ಕೂತ ಹನ್ನೊಂದು ಜನ. ಸೊಸೆಯ ಹೆರಿಗೆಗೆ ಹೋಗಬೇಕಾದ ಹೆಂಗಸು, ಅಣ್ಣನ ಜೊತೆ ಮಾತು ಬಿಟ್ಟ ತಮ್ಮ, ಅದೇ ಅಣ್ಣ, ಗುತ್ತಿಗೆಗೆ ಗದ್ದೆ ಮಾಡುವವರು, ನೀರುಗಂಟಿ. ಒಬ್ಬೊಬ್ಬರಿಗೆ ಹತ್ತು ನಿಮಿಷದ ಮಾತು ಹೆಚ್ಚೆಂದರೆ. ಉಳಿದ ಹೊತ್ತೆಲ್ಲ ಬೇರೆಯವರ ಮಾತು ಕೇಳುತ್ತ ಕೂರಬೇಕು. ತಾಲೀಮಿನಲ್ಲಿ ನಾವು ಬೆವರು ಸುರಿಸಿದ್ದು ಈ ಕೇಳುವುದಕ್ಕೆ. ಮಾತು ಬಾಯಿಗೆ ಬರುವುದಕ್ಕೆ ಎರಡು ವಾರ ಸಾಕಾಯಿತು. ದಿನಾ ಕೇಳಿದ ಅದೇ ಮಾತನ್ನು ಇವತ್ತು ಮೊದಲ ಸಲ ಕೇಳಿದ ಹಾಗೆ ಕೇಳುವುದಕ್ಕೆ ಆರು ವಾರವೂ ಸಾಲಲಿಲ್ಲ. ಹುಡುಗರು ತಮ್ಮ ಸರದಿಯ ಮಾತಿಗೆ ಕಾಯುತ್ತಿದ್ದರು. ಕಾಯುವವನ ಮುಖದಲ್ಲಿ ಕೇಳುವವನ ಬೆಳಕು ಬರುವುದಿಲ್ಲ. ಆಗೆಲ್ಲ ನಮ್ಮ ಹಿರಿಯರು ಕೂತಲ್ಲಿಂದಲೇ ಮೆಲ್ಲಗೆ, "ಮಗಾ, ಸಹದೇವ ಎಲ್ಲಿ ನೋಡ್ತಾವ್ನೆ?" ಎನ್ನುತ್ತಿದ್ದರು. ಬೈಗುಳ ಅಲ್ಲ, ನೆನಪಿಸುವುದು. ಕೊನೆಗೆ ಅದು ತಂಡದ ಮಾತೇ ಆಯಿತು.

ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ ಹೆಸರುಗಳನ್ನು ಸುತ್ತಲೂ ದುಂಡಗೆ ಬರೆದೆವು. ಯಾರು ಮೊದಲು ಎಂದು ಬೆರಳಿಟ್ಟು ಹೇಳುವ ಹಾಗಿರಲಿಲ್ಲ. ಸೋಮನಾಥಪುರದ ಆನೆಗಳ ಸಾಲೂ ಹಾಗೇ ತಾನೇ, ಸುತ್ತು ಬರುವುದು.

ಮೊದಲ ಪ್ರಯೋಗದ ದಿನ ಟೀ ಅಂಗಡಿಯವರು ಬೇಗ ಬಾಗಿಲು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ಪಕ್ಕದಲ್ಲಿ ಒಬ್ಬ ಅಜ್ಜ, ಹೆಗಲ ಮೇಲೆ ಟವೆಲು, ಜಮಖಾನದ ಆಚೆಗೆ ಕಾಲು ಚಾಚಿಕೊಂಡಿದ್ದರು. ನಾಟಕದ ಕೊನೆಗೆ ನೀರು ಬರಬೇಕು. ರಂಗದ ಮೇಲೆ ತರಲು ನಮ್ಮಲ್ಲಿ ನೀರಿಲ್ಲ, ಶಬ್ದಕ್ಕೆ ಟೇಪೂ ಇಲ್ಲ. ಇದ್ದದ್ದು ಇಪ್ಪತ್ತೆರಡು ಕಣ್ಣು. ಅಣ್ಣ ತಮ್ಮನಿಗೆ ಏನೋ ಹೇಳಲು ಬಾಯಿ ತೆರೆದವನು ನಿಲ್ಲಿಸಿದ. ಸಹದೇವನ ಪಾತ್ರದ ನಮ್ಮ ಹಿರಿಯರು, ಇಲ್ಲಿ ನೀರುಗಂಟಿ, ಎಡಗಡೆ ಕತ್ತು ತಿರುಗಿಸಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದ ಹತ್ತೂ ಜನ. ಆ ಕಣ್ಣುಗಳು ದೂರದಿಂದ ನಿಧಾನವಾಗಿ ನೆಲ ಹಿಡಿದು ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ, ಜಮಖಾನದ ಅಂಚಿನ ತನಕ ಬಂದವು.

ಅಜ್ಜ ಪಂಚೆ ಎತ್ತಿ ಕಾಲು ಒಳಕ್ಕೆಳೆದುಕೊಂಡರು.