ಕೌದಿಗೆ ಸೇರದ ಅಂಗಿ

ನವಲಗುಂದದ ಒಂದು ಓಣಿ. ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೀರಿ. ಬೇಸಿಗೆಯ ಮಧ್ಯಾಹ್ನ. ಕಡಲೆ, ಗೋಧಿ ಮನೆ ಸೇರಿ ಎಷ್ಟೋ ದಿನವಾಗಿದೆ, ಎರೆಹೊಲ ಬಾಯಿ ಬಿಟ್ಟಿದೆ. ಮಳೆ ಬೀಳುವತನಕ ಹೆಂಗಸರ ಕೈಗೆ ತುಸು ಬಿಡುವು. ಆ ಬಿಡುವಿನಲ್ಲಿ ಕೌದಿ ಹೊಲಿಯುತ್ತಾರೆ.

ನೆಲಕ್ಕೆ ಹಳೆಯ ಸೀರೆ ಹಾಸಿ ಮೂಲೆಗಳಿಗೆ ಕಲ್ಲು ಹೇರಿದ್ದಾರೆ. ಮೇಲೆ ಹರಿದ ಧೋತರ, ಅದರ ಮೇಲೆ ಲಂಗ, ಕುಪ್ಪಸದ ತುಂಡು. ಮೂವರು ಅಂಚಿನಿಂದ ಒಳಮುಖವಾಗಿ ಹೊಲಿಯುತ್ತ ಬರುತ್ತಿದ್ದಾರೆ. ಪದರ ದಪ್ಪವಾದಲ್ಲಿ ಸೂಜಿ ತಡೆಯುತ್ತದೆ. ಒತ್ತುವ ಹೆಬ್ಬೆರಳು ಬಿಳುಪೇರುತ್ತದೆ.

“ಇದು ನಮ್ಮತ್ತಿ ಇಳಕಲ್ ಸೀರಿ. ಇದು ಮಾವನ ಧೋತರ ನೋಡ್ರಿ.”

ಇಬ್ಬರೂ ತೀರಿಹೋದವರು. ಚಳಿ ಬಂದಾಗ ಮೊಮ್ಮಕ್ಕಳು ಅವರನ್ನೇ ಹೊದ್ದು ಮಲಗುತ್ತಾರೆ. ಹೊರಗಿನವರಿಗೆ ನವಲಗುಂದವೆಂದರೆ ಜಮಖಾನ: ನೆಟ್ಟ ಮಗ್ಗ, ಪಂಜಾದ ಏಟು, ಹಾಸಿನ ಮೇಲೆ ನವಿಲು, ಪಗಡೆಯ ಪಟ್ಟಿ. ಅದು ಪೇಟೆಗೆ ಹೋಗುತ್ತದೆ. ಕೌದಿ ಮನೆಯಲ್ಲೇ ಉಳಿಯುತ್ತದೆ, ಸತ್ತವರನ್ನು ಉಳಿಸಿಕೊಂಡು.

ಎಲ್ಲ ಸತ್ತವರನ್ನೂ ಅಲ್ಲ. ಬಟ್ಟೆಯ ಗಂಟಿನಲ್ಲಿ ಯಾರದು ಇದೆ ಎನ್ನುವುದನ್ನು ಇವರು ತಾವಾಗಿ ಹೇಳುತ್ತಾರೆ. ಯಾರದು ಇಲ್ಲ ಎನ್ನುವುದನ್ನು ಯಾರೂ ಎತ್ತುವುದಿಲ್ಲ. ‘ಆ ರೋಗ’ ಎಂದಷ್ಟೇ ಪಿಸುಗುಟ್ಟುತ್ತಿದ್ದ ಕಾಲವೊಂದಿತ್ತು. ದುಡಿಯುವ ವಯಸ್ಸಿನವರು ಸೊರಗಿ ಸೊರಗಿ ಹೋದರು. ತಟ್ಟೆ ಬೇರೆ, ಹಾಸಿಗೆ ಬೇರೆ. ಪ್ರಾಣ ಹೋದ ಮೇಲೆ ಅಂಗಿ, ಲುಂಗಿಗೆ ಬೆಂಕಿ. ಎಚ್‌ಐವಿ ಬಟ್ಟೆಯಿಂದ ಹರಡುವುದಿಲ್ಲ, ಜೊತೆಗೆ ಉಂಡರೆ ಹರಡುವುದಿಲ್ಲ. ಅದು ತಿಳಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹೊಲಿಯಲು ಏನೂ ಉಳಿದಿರಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಸಹಿಸಲಾಗದ್ದು ಆ ಬೆಂಕಿ.

ಇಲ್ಲಿಂದ ಎದ್ದು, 1987ರ ಅಕ್ಟೋಬರ್ 11ರ ನಸುಕಿಗೆ ಬನ್ನಿ. ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್. ಹುಲ್ಲಿನ ಮೇಲೆ, ಏಡ್ಸ್‌ನಿಂದ ಸತ್ತವರ ನೆನಪಿಗೆ ಹೊಲಿದ ಕೌದಿಯ ದೊಡ್ಡ ದೊಡ್ಡ ಮಡಿಕೆಗಳು. ಬಿಳಿ ಉಡುಪಿನವರು ಸುತ್ತ ನಿಂತು ಒಂದೊಂದೇ ಮಡಿಕೆ ಬಿಡಿಸಿ, ಎತ್ತಿ, ತಿರುಗಿಸಿ ನೆಲಕ್ಕಿಳಿಸುತ್ತಾರೆ. ಬೆಳಕು ಹರಿದಂತೆ ಬಣ್ಣ ಕಾಣುತ್ತದೆ, ಆಮೇಲೆ ಅಕ್ಷರ. ಪ್ರತಿ ತುಂಡೂ ಮೂರಡಿ ಅಗಲ, ಆರಡಿ ಉದ್ದ. ನಮ್ಮ ಅಳತೆಯಲ್ಲಿ ಎರಡು ಮೊಳ, ನಾಲ್ಕು ಮೊಳ. ಒಬ್ಬ ಮನುಷ್ಯನ ಗೋರಿಯಷ್ಟು. ಬೇಕೆಂದೇ ಆ ಅಳತೆ. ಏಡ್ಸ್‌ನಿಂದ ಸತ್ತವರ ಶವ ಮುಟ್ಟಲು ಅಲ್ಲಿಯೂ ಅಂತ್ಯಕ್ರಿಯೆಯವರು ಹಿಂಜರಿದಿದ್ದರು. ಬಗ್ಗಿ ನೋಡಿ: ಜೀನ್ಸಿನ ತುಂಡು, ಅಂಗಿ, ಮಗುವಿನ ಗೊಂಬೆ, ಎಲ್ಲವೂ ಹೊಲಿಗೆಯೊಳಗೆ. ಈ ಕೌದಿಯನ್ನು ಶುರು ಮಾಡಿದ ಕ್ಲೀವ್ ಜೋನ್ಸ್ ಮೊದಲ ತುಂಡನ್ನು ಮಾಡಿದ್ದು ಗೆಳೆಯ ಮಾರ್ವಿನ್ ಫೆಲ್ಡ್‌ಮನ್‌ಗಾಗಿ. ಆ ದಿನ ಹಾಸಿದ್ದು 1,920 ತುಂಡು. ಮೈಕಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಓದುತ್ತಿದ್ದಾರೆ. ಓದುತ್ತಲೇ ಇದ್ದಾರೆ, ಬಿಸಿಲು ಏರುತ್ತದೆ, ಹೆಸರು ಮುಗಿಯುವುದಿಲ್ಲ. ಇಂದು ಆ ಕೌದಿಯಲ್ಲಿ ಸುಮಾರು 50,000 ತುಂಡುಗಳಿವೆ, ತೂಕ 54 ಟನ್.

ನವಲಗುಂದದ ಪಡಸಾಲೆಯಲ್ಲಿ ದಾರ ಮುಗಿದಿದೆ. ಇನ್ನೊಂದು ಎಳೆಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಏರಿಸುತ್ತಾರೆ. ಹೊರಗೆ ಹುಬ್ಬಳ್ಳಿ ಬಸ್ಸಿನ ಹಾರ್ನ್. ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಅದನ್ನು ಹತೋಟಿಯಲ್ಲಿಡುವ ಔಷಧ ಚಿಕಿತ್ಸೆಯನ್ನು, ಅಂದರೆ ಎಆರ್‌ಟಿಯನ್ನು, ಸರ್ಕಾರ ಉಚಿತವಾಗಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ನಡುವಿನ ಹದಿನೆಂಟು ವರ್ಷದಲ್ಲಿ ಹೋದವರು ಹೋದರು. ಈಗ, ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ. ದಿನಾ ಗುಳಿಗೆ ತಪ್ಪಿಸದವರು ಹೊಲಕ್ಕೆ ಹೋಗುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ.

ವಾಷಿಂಗ್ಟನ್ನಿನಲ್ಲಿ ಹೆಸರನ್ನು ಕೂಗಿ ಹೇಳಿದ್ದೇ ಹೋರಾಟ. ಈ ಓಣಿಯಲ್ಲಿ ಹಾಗಾಗದು. ಸತ್ತವನ ಹೆಂಡತಿ ಇಲ್ಲಿಯೇ ನೀರಿಗೆ ನಿಲ್ಲಬೇಕು, ಮಗಳು ಇಲ್ಲಿಂದಲೇ ಶಾಲೆಗೆ ಹೋಗಬೇಕು. ಎಚ್‌ಐವಿ ಇರುವವರ ಗುರುತನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು 2017ರ ಕಾಯ್ದೆ ತಡೆಯುತ್ತದೆ; 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಆದರೆ ಕೌದಿ ಯಾರ ಹೆಸರನ್ನೂ ಬರೆಸಿಕೊಳ್ಳುವುದಿಲ್ಲ. ನೀಲಿ ಚೌಕಡಿಯ ತುಂಡು ಯಾರದೆಂದು ಮನೆಯವರಿಗೆ ಗೊತ್ತು. ಹೊದ್ದ ನೆಂಟರಿಗೆ ಅದು ಬರೀ ಬಟ್ಟೆ.

ಹಾಗಾಗಿ ಟ್ರಂಕಿನ ತಳದಲ್ಲಿ ಅಂಥ ಅಂಗಿಯೊಂದು ಸುಡದೆ ಉಳಿದಿದ್ದರೆ ಹೊರಗೆ ತನ್ನಿ, ತಾಯಿ. ಗುಂಡಿ ಕಿತ್ತು, ಕಾಲರು ಕತ್ತರಿಸಿದರೆ ಬೆನ್ನಿನ ಬಟ್ಟೆ ಅಗಲವಾಗಿ ಸಿಗುತ್ತದೆ. ಹೊಲಿಗೆ ಇನ್ನೂ ನಡುವಿಗೆ ಬಂದಿಲ್ಲ, ಅಲ್ಲಿ ಜಾಗವಿದೆ.